ಒಂದು ಬೆರಳು ಹೆಚ್ಚು

ನನ್ನ ಸರ್ಫಿಂಗ್ ಬೋರ್ಡು ಮುರಿದದ್ದು ನನ್ನ ತಪ್ಪಿನಿಂದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನಿಂದ ಬಂದ ಹೊಸಬನೊಬ್ಬ ಅಲೆಯ ಮೇಲೆ ಹಿಡಿತ ತಪ್ಪಿ ನೇರ ಬಂದು ಗುದ್ದಿದ. ನನಗೇನೂ ಆಗಲಿಲ್ಲ, ಬೋರ್ಡು ಮಾತ್ರ ನಡುವಿಗೇ ಎರಡು ತುಂಡಾಯಿತು. ಅವನಿಗೆ ಬಾಯಿಗೆ ಬಂದದ್ದೆಲ್ಲ ಬೈದು, ತುಂಡುಗಳನ್ನು ಕಂಕುಳಲ್ಲಿ ಅವುಚಿಕೊಂಡು ತಮ್ಮನ ಮನೆಗೆ ಹೋದೆ.

ತಮ್ಮ ಸರ್ಫಿಂಗ್ ಬೋರ್ಡು ಮಾಡುವವನು. ನಾನು ದರ್ಜಿ, ಎಪ್ಪತ್ತಕ್ಕೆ ಹತ್ತಿರದವಳು. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಸಮುದ್ರಕ್ಕಿಳಿದು ಅಲೆಯ ಮೇಲೆ ನಿಂತು ಬರದಿದ್ದರೆ ನನಗೆ ಅವತ್ತು ದಾರ ಪೋಣಿಸುವುದಕ್ಕೂ ಮನಸ್ಸಾಗುವುದಿಲ್ಲ. ದಡದಲ್ಲಿ ಎಲ್ಲರೂ ನನ್ನನ್ನು ಸೂಜಿ ಎಂದೇ ಕರೆಯುವುದು. ಕಸುಬಿನಿಂದ ಬಂದ ಹೆಸರು ಎಂದು ನಾನು ಹೇಳುತ್ತೇನೆ, ನಾಲಿಗೆಯಿಂದ ಬಂದದ್ದು ಎಂದು ತಮ್ಮನ ಹೆಂಡತಿ ಹೇಳುತ್ತಾಳೆ. ನನ್ನ ಓರಗೆಯವರೆಲ್ಲ ಒಬ್ಬೊಬ್ಬರಾಗಿ ದಪ್ಪನೆಯ ಬೋರ್ಡು ಹಿಡಿದರು, ಆಮೇಲೆ ದಡದ ಬೆಂಚು ಹಿಡಿದರು. ನಾನು ಮಾತ್ರ ನಲವತ್ತರ ವಯಸ್ಸಿನ ಅಳತೆಯನ್ನೇ ಇವತ್ತಿಗೂ ಬಿಟ್ಟಿಲ್ಲ ಎಂದು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚುತ್ತಿದ್ದೆ.

ತಮ್ಮ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲಿದ್ದ. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು, ಅದರ ಕೊಳವೆ ಅವನ ಮೂಗಿನಲ್ಲಿತ್ತು. ಇಷ್ಟು ವರ್ಷ ಬೋರ್ಡಿಗೆಂದು ಫೋಮ್ ಕೆತ್ತಿದ ಬಿಳಿ ಪುಡಿ ಅವನ ಎದೆಯೊಳಗೆ ಕೂತುಬಿಟ್ಟಿದೆ, ಇನ್ನು ಬಹಳ ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ತುಂಡುಗಳನ್ನು ಗೋಡೆಗೆ ಒರಗಿಸಿ, ನೀನೇನೂ ತಲೆ ಕೆಡಿಸಿಕೊಳ್ಳಬೇಡ, ಬಂದರಿನ ಹತ್ತಿರದ ಹೊಸ ಅಂಗಡಿಯಲ್ಲಿ ನನ್ನ ಹಳೇ ಅಳತೆ ಕೊಟ್ಟು ಮಾಡಿಸಿಕೊಳ್ಳುತ್ತೇನೆ ಎಂದೆ. ಅವನು ಕೊಳವೆಯನ್ನು ಬೆರಳಿನಲ್ಲಿ ತಿರುವುತ್ತ ಕೂತ. ಹೆಂಡತಿಗೆ ಟೀ ಮಾಡಲು ಹೇಳಿ ಒಳಗೆ ಕಳಿಸಿದ.

"ಅಕ್ಕ, ಆ ಅಳತೆ ಕೊಡ್ಬೇಡ."

"ಯಾಕೋ?"

"ಅದು ನಿನ್ನ ಅಳತೆ ಅಲ್ಲ. ಆ ಅಳತೆ ಬಿಟ್ಟು ಬಹಳ ವರ್ಷ ಆಯ್ತು."

ಏದುಸಿರು ಬಿಡುತ್ತಲೇ ಎಲ್ಲ ಹೇಳಿದ. ನಾನು ಐವತ್ತು ದಾಟಿದ ಮೇಲೆ ಮಾಡಿದ ಪ್ರತಿ ಬೋರ್ಡನ್ನೂ ಅವನು ಹಿಂದಿನದಕ್ಕಿಂತ ಒಂದಿಷ್ಟು ದಪ್ಪ ಮಾಡುತ್ತ ಬಂದಿದ್ದ. ಅಂಚಿನಲ್ಲಲ್ಲ, ಅಂಚು ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುತ್ತದೆ. ಅಂಚನ್ನು ಮೊದಲಿನಷ್ಟೇ ತೆಳ್ಳಗೆ ಇಳಿಸಿ ನಡುವಿನಲ್ಲಿ ಮಾತ್ರ ಫೋಮ್ ಉಳಿಸುತ್ತಿದ್ದ. ಅದೇ ಬಣ್ಣ, ಅದೇ ಕೆಂಪು ಗೆರೆ. ಕೈ ರಟ್ಟೆಯ ಬಲ ಇಳಿದಷ್ಟೂ ಬೋರ್ಡು ನನ್ನನ್ನು ಎತ್ತಿ ಹಿಡಿಯುತ್ತಿತ್ತು. ಮುರಿದ ಈ ಬೋರ್ಡು ನಲವತ್ತರದಕ್ಕಿಂತ ಒಂದು ಬೆರಳು ದಪ್ಪ. ಊರವರ ಸೊಂಟಕ್ಕೆಲ್ಲ ಟೇಪು ಸುತ್ತುವ ನಾನು ನನ್ನ ಬೋರ್ಡಿಗೆ ಒಂದು ದಿನವೂ ಟೇಪು ಹಿಡಿದವಳಲ್ಲ. ತಮ್ಮನ ಕೈ, ಅದಕ್ಕೇನು ಅಳತೆ ಎಂದುಕೊಂಡಿದ್ದೆ.

ನನಗೆ ಪಿತ್ತ ನೆತ್ತಿಗೇರಿತು. ನಾನೂ ಗಿರಾಕಿಗಳಿಗೆ ಇದನ್ನೇ ಮಾಡುತ್ತೇನೆ. ಸೊಂಟ ಅಗಲವಾಗಿದ್ದರೆ ತುಟಿ ಪಿಟಕ್ಕೆನ್ನದೆ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಟ್ಟುಕೊಡುತ್ತೇನೆ, ಅವರು ಕನ್ನಡಿಯ ಮುಂದೆ ನಿಂತು ನಾನೇನೂ ದಪ್ಪಗಾಗಿಲ್ಲ ನೋಡಿ ಎನ್ನುತ್ತಾರೆ. ಇಷ್ಟು ದಿನ ಆ ಕನ್ನಡಿಯ ಮುಂದೆ ನಾನೇ ನಿಂತಿದ್ದೆ ಎಂಬುದು ಹೊಳೆದು ಕೋಪ ಇನ್ನೂ ಹೆಚ್ಚಾಯಿತು. ದಡದವರ ಮುಂದೆಲ್ಲ ನನ್ನನ್ನು ಪೆದ್ದಿ ಮಾಡಿದೆ ಎಂದೆ.

"ಯಾರಿಗೂ ಗೊತ್ತಿಲ್ಲ. ಹೇಳ್ದೇನೇ ಹೋಗ್ಬೇಕು ಅಂತಿದ್ದೆ," ಎಂದ. "ಆದ್ರೆ ನಾನು ಹೋದ್ಮೇಲೆ ನೀನು ಹಳೇ ಅಳತೇಲಿ ಮಾಡಿಸ್ತೀಯ. ಅದು ನಿನ್ನ ಎತ್ತಲ್ಲ. ನಂದು ಮುಗೀತು ಅಂತ ಬಿಟ್ಬಿಡ್ತೀಯ. ಮುಗಿದಿಲ್ಲ ಅಕ್ಕ. ಫೋಮ್ ಮಾತ್ರ ನಂದು, ನಿಂತವಳು ನೀನೇ."

ಹೋದಮೇಲೆ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ನನಗೆ ಅಲ್ಲಿ ಕೂರಲಾಗಲಿಲ್ಲ. ಟೀ ಕುಡಿಯದೆ ಎದ್ದು ಬಂದೆ.

ನಲವತ್ತರ ಆ ಬೋರ್ಡು ನನ್ನ ಅಂಗಡಿಯಲ್ಲಿ ಕನ್ನಡಿಯ ಮೇಲೆ ನೇತಾಡುತ್ತಿತ್ತು. ಮರುದಿನ ಬೆಳಿಗ್ಗೆ ಅದನ್ನು ಇಳಿಸಿ, ಧೂಳು ಒರೆಸಿ, ಸಮುದ್ರಕ್ಕೆ ಒಯ್ದೆ. ತಮ್ಮನ ಮಾತು ಸುಳ್ಳಾಗಬೇಕಿತ್ತು.

ಮೇಲೆ ಬೋರಲು ಮಲಗುತ್ತಿದ್ದಂತೆ ಅದು ಮುಳುಗಿತು. ನೀರು ಗದ್ದಕ್ಕೆ ಬಂತು. ಕೈಯಲ್ಲಿ ಎಷ್ಟು ಹುಟ್ಟು ಹಾಕಿದರೂ ಬೋರ್ಡು ಮುಂದೆ ಹೋಗಲೊಲ್ಲದು. ಅಲೆ ಬಂತು, ನನ್ನನ್ನು ಒಂದಿಷ್ಟು ಎತ್ತಿ, ಅಲ್ಲೇ ಬಿಟ್ಟು, ತನ್ನ ಪಾಡಿಗೆ ಹೋಯಿತು. ಇನ್ನೊಂದೂ ಹಾಗೆಯೇ ಹೋಯಿತು. ಕೊನೆಗೆ ರಟ್ಟೆ ಕಿತ್ತುಬರುವ ಹಾಗೆ ನೀರು ಎಳೆದು ಒಂದನ್ನು ಹಿಡಿದೆ, ಎದ್ದು ನಿಲ್ಲುವುದರೊಳಗೆ ಬೋರ್ಡಿನ ಮೂತಿ ನೀರಿಗೆ ಹೂತು ನಾನು ತಲೆಕೆಳಗಾದೆ.

ಮರಳಿನ ಮೇಲೆ ಬಂದು ಕೂತೆ. ಪಕ್ಕದಲ್ಲಿ ಯಾರೋ ಇವತ್ತು ಅಲೆ ಸರಿಯಿಲ್ಲ ಅಲ್ಲವಾ ಎಂದರು. ನನಗೆ ನಾಚಿಕೆಯಾಗಿತ್ತು, ನಾಚಿಕೆಗಿಂತ ಹೆಚ್ಚಾಗಿ ಭಯವಾಗಿತ್ತು. ಆ ನೀರಿನ ಮೇಲೆ ಮಾತ್ರ ನನ್ನ ಮೊಣಕಾಲು ನನಗೆ ನೆನಪಿರುತ್ತಿರಲಿಲ್ಲ. ಅದೂ ಹೋದರೆ ಉಳಿಯುವುದು ಅಂಗಡಿಯ ಸ್ಟೂಲು, ಸಂಜೆಯ ಎಣ್ಣೆ ಮಾಲೀಸು. ಇಪ್ಪತ್ತು ವರ್ಷ ನಾನು ಹತ್ತಿದ ಒಂದೊಂದು ಅಲೆಯಲ್ಲೂ ಅವನು ಕೆಳಗಿನಿಂದ ಕೈ ಕೊಟ್ಟಿದ್ದ, ಅದನ್ನು ಒಂದು ಸಲವೂ ಬಾಯಿಬಿಟ್ಟಿರಲಿಲ್ಲ. ಆ ಕೈ ಇನ್ನಿರುವುದಿಲ್ಲ ಎಂಬುದು ನನಗೆ ನಿಜವಾಗಿ ತಟ್ಟಿದ್ದು ಆಗ.

ಅಂಗಡಿ ತೆಗೆಯಲಿಲ್ಲ. ಒದ್ದೆ ತಲೆಯಲ್ಲೇ ಅವನ ಮನೆಗೆ ಹೋಗಿ, ನೀನು ಹೇಳಿಕೊಡು, ನಾನು ಕೆತ್ತುತ್ತೇನೆ ಎಂದೆ. ಅವನ ಹೆಂಡತಿ ನನ್ನ ಮುಖ ನೋಡಿ ಟವೆಲು ತಂದುಕೊಟ್ಟಳು.

ಕೆಲಸದ ಕೋಣೆ ಹಿತ್ತಿಲಿನಲ್ಲಿತ್ತು. ಗೋಡೆಗೆ ಕಡುನೀಲಿ ಬಣ್ಣ, ಎರಡೂ ಕಡೆ ಸೊಂಟದೆತ್ತರಕ್ಕೆ ಟ್ಯೂಬ್‌ಲೈಟು. ಬೆಳಕು ಅಡ್ಡ ಬಿದ್ದರೆ ಫೋಮಿನ ಉಬ್ಬುತಗ್ಗಿನ ನೆರಳು ಕಾಣುತ್ತದೆ. ಆ ಪುಡಿಗೆ ತಮ್ಮ ಒಳಗೆ ಬರುವ ಹಾಗಿರಲಿಲ್ಲ. ಬಾಗಿಲಿನ ಗಾಜಿನ ಆಚೆ ಯಂತ್ರದ ಜೊತೆ ಕುರ್ಚಿ ಹಾಕಿಕೊಂಡು ಕೂತ. ಒಂದು ಸಲ ಗಾಜು ತಟ್ಟಿದರೆ ಇನ್ನೂ ತೆಗಿ, ಎರಡು ಸಲ ತಟ್ಟಿದರೆ ಸಾಕು. ಫೋಮಿನ ಬದಿಗೆ ಎಲ್ಲಿಯವರೆಗೆ ಇಳಿಸಬೇಕೆಂದು ಪೆನ್ಸಿಲ್ ಗೆರೆಯನ್ನು ಅವನೇ ಎಳೆದುಕೊಟ್ಟಿದ್ದ, ಗೆರೆ ಒಂದು ಕಡೆ ನಡುಗಿತ್ತು.

ಮೂತಿಗೆ ಬಟ್ಟೆ ಕಟ್ಟಿಕೊಂಡು ಉಜ್ಜುಗೊರಡು ಹಿಡಿದೆ. ಬಟ್ಟೆ ಕತ್ತರಿಸುವ ಕೈಗೆ ಮೊದಮೊದಲು ಅದು ಒಗ್ಗಲಿಲ್ಲ, ಆದರೆ ಕಣ್ಣು ಒಗ್ಗಿತು. ನಾಲ್ಕಾರು ದಿನ ಹೀಗೆ ನಡೆಯಿತು. ಅವನು ತಟ್ಟುವುದು ದಿನದಿನಕ್ಕೆ ಮೆತ್ತಗಾಗುತ್ತಿತ್ತು, ಉಜ್ಜುವ ಸದ್ದು ನಿಲ್ಲಿಸಿ ಕಿವಿಗೊಡಬೇಕಾಗುತ್ತಿತ್ತು.

ಗೆರೆ ಇನ್ನೂ ಅರ್ಧ ಬೆರಳು ಕೆಳಗಿರುವಾಗ ನಾನು ಕೈ ನಿಲ್ಲಿಸಿದೆ. ಗಾಜಿನ ಮೇಲೆ ಒಂದು ತಟ್ಟು. ನಾನು ಅಲುಗಲಿಲ್ಲ. ಮತ್ತೆ ಒಂದು ತಟ್ಟು. ಉಜ್ಜುಗೊರಡನ್ನು ಕೆಳಗಿಟ್ಟು, ಪುಡಿ ಕೂರುವವರೆಗೆ ಕಾದು, ಮೈ ಕೊಡವಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

"ಇನ್ನೂ ತೆಗೀಬೇಕು ಅಕ್ಕ. ಇದು ನಿಂಗೆ ಜಾಸ್ತಿ ಆಯ್ತು."

"ಈಗ ಜಾಸ್ತಿ. ಎಂಬತ್ತಕ್ಕೆ ಸರಿಹೋಗುತ್ತೆ."

"ಆಗ ಬೇರೆ ಮಾಡಿಸ್ಕೊ."

"ಯಾರ ಹತ್ರ ಮಾಡಿಸ್ಲೋ? ನೀನಿರ್ತೀಯಾ?"

ಕೇಳಬಾರದ ಮಾತು ಕೇಳಿಬಿಟ್ಟಿದ್ದೆ. ಅವನು ಗಾಜಿನ ಆಚೆಯ ಬಿಳಿ ಬೋರ್ಡನ್ನೇ ನೋಡಿದ. ನಾವು ಚಿಕ್ಕವರಿದ್ದಾಗ ಅಮ್ಮ ನಮ್ಮಿಬ್ಬರಿಗೂ ಯಾವತ್ತೂ ಮೈಗೆ ಸರಿಯಾದ ಬಟ್ಟೆ ಹೊಲಿದವಳಲ್ಲ. ತೋಳು ಬೆರಳಿನವರೆಗೆ ಬರುತ್ತಿತ್ತು, ಅಂಚನ್ನು ಎರಡು ಸಲ ಒಳಗೆ ಮಡಿಸಿರುತ್ತಿದ್ದಳು. ದೊಡ್ಡದಾಯಿತು ಎಂದು ಅತ್ತರೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು. ತಮ್ಮ ಈಗ ಅದನ್ನು ಅಮ್ಮನ ಧಾಟಿಯಲ್ಲೇ, ಉಸಿರು ಸಾಲದೆ ತುಂಡು ತುಂಡಾಗಿ ಹೇಳಿದ.

"ಬೆಳೆಯೋ ಮಗು. ದೊಡ್ಡದೇ ಇರ್ಲಿ."

ಇಬ್ಬರಿಗೂ ನಗು ಬಂತು. ಅವನ ನಗು ಕೆಮ್ಮಾಯಿತು, ನನ್ನದು ಅಳುವಾಯಿತು. ಕೆಮ್ಮು ನಿಲ್ಲುವವರೆಗೆ ಬೆನ್ನು ಸವರುತ್ತ ನಿಂತಿದ್ದೆ. ಆಮೇಲೆ ಅವನು ಕೈ ಚಾಚಿ ಬಾಗಿಲಿನ ಗಾಜಿಗೆ ಎರಡು ಸಲ ತಟ್ಟಿದ.

ಫೋಮಿಗೆ ಫೈಬರ್ ಬಟ್ಟೆ ಹೊದಿಸಿ ರಾಳ ಬಳಿದುಕೊಟ್ಟವರು ಬಂದರಿನ ಹೊಸ ಅಂಗಡಿಯವರು. ಅದು ಒಣಗಿ ಕೈಗೆ ಸಿಗುವ ಹೊತ್ತಿಗೆ ತಮ್ಮ ಇರಲಿಲ್ಲ. ಕೆಲವು ದಿನ ಬೋರ್ಡು ಗೋಡೆಗೆ ಒರಗಿಯೇ ಇತ್ತು. ಒಂದು ಬೆಳಿಗ್ಗೆ ಅವನ ಹೆಂಡತಿ ಬಂದು, ಇದನ್ನು ಹೀಗೆ ನಿಲ್ಲಿಸಿದ್ದು ಅವರಿಗೆ ಗೊತ್ತಾದರೆ ಬೈಯುತ್ತಾರೆ ಎಂದು ಒಂದು ತುದಿ ಎತ್ತಿ ಹಿಡಿದಳು. ಇಬ್ಬರೂ ಅದನ್ನು ಹೊತ್ತು ದಡಕ್ಕೆ ಹೋದೆವು.

ನೀರಿನಲ್ಲಿ ಅದು ನನ್ನನ್ನು ಮಗುವಿನ ಹಾಗೆ ಎತ್ತಿ ಹಿಡಿಯಿತು. ಮೊದಲ ಅಲೆಗೇ ಎದ್ದು ನಿಂತೆ. ತಿರುಗಿಸಲು ಭಾರ, ಬೇಕಾದ ಕಡೆ ಬೇಗ ಬಗ್ಗುವುದಿಲ್ಲ. ಪಕ್ಕದಲ್ಲಿ ತನ್ನ ಬೋರ್ಡಿನ ಮೇಲೆ ಕೂತಿದ್ದ ಮೀನು ಮಾರುವವನು, ಏನು ಸೂಜಿ, ಬೋರ್ಡು ದೊಡ್ಡದಾಯಿತಲ್ಲ ಎಂದ. ಮೊದಲಾಗಿದ್ದರೆ ಅವನಿಗೆ ಚೆನ್ನಾಗಿ ಬೈಯುತ್ತಿದ್ದೆ.

ಹೌದು, ತಮ್ಮ ಮಾಡಿದ್ದು, ನಾನಿನ್ನೂ ಬೆಳೆಯುತ್ತಿದ್ದೇನೆ ಎಂದೆ.