ಉಸ್ತಾದರ ಎಡಗಡೆ ಸೀಟು

ಸ್ವಂತ ಲಾರಿ ತಗೊಂಡು, ಅದೇ ಲಾರೀಲಿ ಕ್ಲೀನರ್ ಆಗಿ ಕೂತ ಗಂಡಸನ್ನು ನೀವೆಲ್ಲಾದ್ರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಜೊತೆ ಸಂಸಾರ ಮಾಡಿದ್ದೇನೆ.

ನಮ್ಮವರ ಹೆಸರು ಹಯಾತ್. ಯಲ್ಲಾಪುರದ ಲಾರಿ ಲೈನಿನವರಿಗೆಲ್ಲ ಗೊತ್ತು. ಮೀಸೆ ಬರೋ ಮೊದಲೇ ಕಿರವತ್ತಿಯ ಪರಮೇಶ್ವರಪ್ಪನವರ ಹತ್ತಿರ ಕ್ಲೀನರ್ ಆಗಿ ಸೇರಿದ್ರಂತೆ. ಗೇರ್ ಹಾಕೋದು, ಘಟ್ಟ ಇಳಿಸೋದು ಎಲ್ಲ ಕಲಿಸಿದ್ದು ಅವರೇ. ಅದಕ್ಕೇ ಅವರು ಉಸ್ತಾದ್. ಗೌರವ ಇರ್ಲಿ, ಬೇಡ ಅಂದವರು ಯಾರು? ಆದ್ರೆ ಇವರದ್ದು ಅತಿ ಮಾರಾಯ್ರೆ. ಉಸ್ತಾದರಿಗೆ ಬದನೆಕಾಯಿ ಆಗೋದಿಲ್ಲ ಅಂತ ನಮ್ಮನೆಗೆ ಬದನೆಕಾಯಿ ಬರೋದು ನಿಂತಿತು. ಹುಸ್ನಾ ಹುಟ್ಟಿದಾಗ ಮಗಳ ಮುಖ ನೋಡೋ ಮೊದಲು ಕಿರವತ್ತಿಗೆ ಫೋನ್ ಹೋಯ್ತು.

ವಯಸ್ಸಾಯ್ತು ಅಂತ ಮಾಲೀಕರು ಉಸ್ತಾದರನ್ನು ಕೆಲಸದಿಂದ ಬಿಡಿಸಿದಾಗ ಇವರು ಸೀದಾ ಹೋಗಿ ಕರ್ಕೊಂಡು ಬಂದ್ರು. ಉಸ್ತಾದ್ ಗಾಡೀಲಿ ಇದ್ರೆ ಶಿಷ್ಯ ಸ್ಟೇರಿಂಗ್ ಮುಟ್ಟೋದಿಲ್ಲ, ಅದು ಲೈನಿನ ರಿವಾಜು. ಹಾಗಾಗಿ ನಮ್ಮ ಲಾರಿಗೆ ಅವರು ಡ್ರೈವರ್. ಇವರು ಎಡಗಡೆ ಸೀಟಲ್ಲಿ.

ಒಂದು ದಿನ ಉಸ್ತಾದ್ ಮನೆಗೆ ಬಂದಿದ್ರು. ಚಾ ಇಟ್ಟೆ. ಕಪ್ಪು ಒಂದು ಕಡೆ, ಅವರ ಕೈ ಒಂದು ಕಡೆ. ತಡಕಾಡಿ ಹಿಡ್ಕೊಂಡ್ರು.

ಅವರು ಹೋದ ಮೇಲೆ ಕೇಳಿದೆ, “ಹುಸ್ನಾನ ಅಬ್ಬಾ, ಅವರಿಗೆ ಕಣ್ಣು ಕಾಣ್ತದಾ?”

“ಮೆಲ್ಲಗೆ ಮಾತಾಡು ಬದ್ರು.” ಇವರಿಗೆ ಗೊತ್ತಿತ್ತು! “ನಾನು ಪಕ್ಕದಲ್ಲೇ ಇರ್ತೇನಲ್ಲ. ಎದುರು ಟ್ಯಾಂಕರ್ ಬಂದ್ರೆ, ‘ಉಸ್ತಾದ್, ಈ ಟ್ಯಾಂಕರಿನವನ ಸೊಕ್ಕು ನೋಡಿ’ ಅಂತ ಬೈತೇನೆ. ತಿರುವು ಬಂದ್ರೆ, ‘ಈ ತಿರುವಲ್ಲಿ ಮೊನ್ನೆ ಮಂಗ ಅಡ್ಡ ಬಂದಿತ್ತು’ ಅಂತೇನೆ. ಅವರು ಸುಧಾರಿಸ್ಕೊಳ್ತಾರೆ. ನನಗೆ ಗೊತ್ತು ಅಂತ ಅವರಿಗೆ ಗೊತ್ತಾಗಬಾರದು.”

“ಯಾ ಅಲ್ಲಾ! ಮಕ್ಕಳ ಮುಖನಾದ್ರೂ ನೋಡಿ. ಆ ಸೀಟು ಬಿಟ್ಟು ಏಳಿ ಅಂತ ಅವರಿಗೆ ಹೇಳಿ.”

“ಏಳಿ ಅನ್ನೋದಾ? ಈ ಬಾಯಿಂದಲಾ?”

“ಹಾಗಾದ್ರೆ ನಾನೇ ಹೇಳ್ತೇನೆ.”

“ಹೇಳಿದ್ರೆ ನಾನು ಈ ಮನೆ ಹೊಸ್ತಿಲು ತುಳಿಯೋದಿಲ್ಲ.”

ಅತ್ತು ಕರೆದೆ, ರೇಗಾಡಿದೆ, ಊಟ ಬಿಟ್ಟು ಮಲಗಿದೆ. ಕಲ್ಲಿಗೆ ಹೇಳಿದ ಹಾಗಾಯ್ತು. ಮಳೆಗಾಲ ಮುಗಿದ ಮೇಲೆ ಗೋವಿನಜೋಳ ತುಂಬ್ಕೊಂಡು ಅರಬೈಲು ಘಟ್ಟ ಇಳಿಯುವಾಗ, ಕೆಟ್ಟು ನಿಂತಿದ್ದ ಲಾರಿಗೆ ನಮ್ಮ ಲಾರಿ ಗುದ್ದಿತು. ಎಡಗಡೆ ಪೂರಾ ಅಪ್ಪಚ್ಚಿ. ಉಸ್ತಾದರಿಗೆ ಕೈ ಮುರೀತು. ನಮ್ಮವರನ್ನು ಬಟ್ಟೇಲಿ ಸುತ್ತಿ ತಂದ್ರು.

ನಲವತ್ತನೇ ದಿನದ ಫಾತಿಹಾ ಆದ ಮೇಲೆ ಉಸ್ತಾದ್ ಬಂದ್ರು. ಕೈಗೆ ಪಟ್ಟಿ, ಇನ್ನೊಂದು ಕೈಯಲ್ಲಿ ಗೋಡೆ ಸವರ್ತಾ ಬಂದು ಬಾಗಿಲಲ್ಲೇ ಕೂತ್ರು. ನಾಲಿಗೆಗೆ ಬಂದಿದ್ದೆಲ್ಲ ಬೈಬೇಕು ಅಂತ ಕಾದಿದ್ದೆ.

“ಕಣ್ಣು ಕಾಣೋದಿಲ್ಲ ಅಂತ ನೀವಾದ್ರೂ ಬಾಯಿ ಬಿಡ್ಬೇಕಿತ್ತಲ್ಲ!”

“ಹೆಂಗ ಬಿಡ್ಲಿ ತಂಗಿ? ಅಂವ ನನ್ನ ದೇವ್ರ ಹಂಗ ನೋಡ್ತಿದ್ದ. ಅವನ ಮುಂದ ಕುರುಡ ಆಗಾಕ ನಾಚಿಕಿ ಬಂತು. ಒಮ್ಮೆ ‘ಏಳ್ರಿ, ನಾ ಹೊಡಿತೀನಿ’ ಅಂದಿದ್ರ ಎದ್ದು ಬಿಡ್ತಿದ್ದೆ. ದಿನಾ ಕಾಯ್ತಿದ್ದೆ, ಇವತ್ತ ಅಂತಾನ, ನಾಳೆ ಅಂತಾನ ಅಂತ.”

ಬೈಯೋದು ಬಿಟ್ಟು, ನಮ್ಮವರು ಕೊನೇಗೆ ಏನು ಹೇಳಿದ್ರು ಅಂತ ಕೇಳಿದೆ.

“‘ಉಸ್ತಾದ್, ಮುಂದೆ ಒಂದು ಗಾಡಿ ನಿಂತ ಹಾಗೆ ಕಾಣ್ತದೆ, ನೀವು ನೋಡೇ ಇರ್ತೀರಿ’ ಅಂದ. ಮೆತ್ತಗ, ಮರ್ಯಾದಿಯಿಂದ. ಮಾತು ಮುಗಿಯೂದ್ರಾಗ ಎಲ್ಲಾ ಮುಗದಿತ್ತು.”

ಸಾರಲ್ಲಿ ಉಪ್ಪು ಕಮ್ಮಿ ಆದ್ರೆ ಓಣಿಗೆಲ್ಲ ಕೇಳೋ ಹಾಗೆ ನನ್ನ ಮೇಲೆ ಕೂಗ್ತಿದ್ರು ಹುಸ್ನಾನ ಅಬ್ಬಾ. ಆವತ್ತು ಒಂದೇ ಒಂದು ಸಲ, ಬ್ರೇಕ್ ಅಂತ ಕೂಗಬಾರದಿತ್ತಾ?