ಅಂಟು ಬಳಿಯದ ದಿನ

ಕಾಲರಿಗೆ ಸಿಕ್ಕಿಸಿದ ಬಿಲ್ಲೆಯನ್ನು ಯಾರೂ ಕಿತ್ತು ಮೊಳೆಗೆ ನೇತುಹಾಕಬಾರದೆಂದು ಹೇಳಿ ಹೇಳಿ ಗಾಳಿಯಮ್ಮನ ಗಂಟಲು ಕಟ್ಟಿತ್ತು. ಆ ಹೆಸರು ಇಟ್ಟವರು ಬೂಟು ಕಾರ್ಖಾನೆಯ ಅಂಟು ವಿಭಾಗದ ಹೆಂಗಸರು. ಅಟ್ಟೆಗೆ ಅಂಟು ಬಳಿಯುವಾಗ ಅವರ ಮೂಗಿಗೆ ಎಷ್ಟು ವಿಷ ಹೋಗುತ್ತದೆಂದು ಅಳೆಯುವುದು ಅವಳ ಸರ್ಕಾರಿ ಕೆಲಸ. ಅವರು ಉಸಿರಾಡುವ ಗಾಳಿಯಲ್ಲಿರುವುದನ್ನು ಬಿಲ್ಲೆ ದಿನವಿಡೀ ಹೀರಿಕೊಳ್ಳುತ್ತದೆ. ಆಮೇಲೆ ಪ್ರಯೋಗಾಲಯ ಅದರ ಬಾಯಿ ಬಿಡಿಸುತ್ತದೆ. ಈ ಕಾರ್ಖಾನೆಯ ಬಿಲ್ಲೆಗಳು ಮಾತ್ರ ಪ್ರತಿ ಸಲವೂ ಗಾಳಿ ಶುದ್ಧವಾಗಿದೆ ಎಂದೇ ಹೇಳುತ್ತಿದ್ದವು.

ಶುದ್ಧವಂತೆ, ಮಣ್ಣು! ಅವಳ ಒಡಹುಟ್ಟಿದ ಅಕ್ಕ ಇದೇ ವಿಭಾಗದಲ್ಲಿ ಅಂಟು ಬಳಿಯುತ್ತಿದ್ದಳು. ಮನೆಗೆ ಬಂದವಳೇ ತಲೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು. ಈ ಅಂಟಿನ ಆವಿ ಕಾಲ್ಬೆರಳಿನಿಂದ ಶುರುಮಾಡಿ ನರಗಳನ್ನೇ ತಿಂದು ಕಾಲು ಮರಗಟ್ಟಿಸುತ್ತದೆಂದು ಗಾಳಿಯಮ್ಮನಿಗೆ ಗೊತ್ತಿತ್ತು. ಹೆದರಿ ಕೇಳಿದರೆ ಅಕ್ಕ, ನನ್ನ ಕಾಲು ಗುಂಡುಕಲ್ಲಿನ ಹಾಗಿದೆ, ಮೊದಲು ನಿನ್ನ ಬಾಯಿಗೆ ರಜೆ ಕೊಡು ಎನ್ನುತ್ತಿದ್ದಳು.

ಹಾಗಾಗಿ ಈ ಸಲ ಗಾಳಿಯಮ್ಮ ಬಿಲ್ಲೆ ಸಿಕ್ಕಿಸಿ ಹೊರಟುಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಅಲ್ಲೇ ಠಿಕಾಣಿ ಹೂಡಿದಳು. ಮೇಲ್ವಿಚಾರಕನ ಮುಖ ಹುಳ್ಳಗಾಯಿತು. ಟೀ ತರಿಸಿದ, ಆಫೀಸಿನಲ್ಲಿ ಒಳ್ಳೆಯ ಕುರ್ಚಿ ಇದೆ ಎಂದ. ಅವಳು ಜಗ್ಗಲಿಲ್ಲ. ವಿಚಿತ್ರವೆಂದರೆ ಬಿಲ್ಲೆಗಳೂ ಕಾಲರು ಬಿಟ್ಟು ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ತಟ್ಟನೆ ಹೊಳೆಯಿತು. ಹೆಂಗಸರು ಲೇಸು ಪೋಣಿಸುತ್ತಿದ್ದರು, ಬೂಟು ಒರೆಸಿ ಡಬ್ಬಿಗೆ ತುಂಬುತ್ತಿದ್ದರು. ಅಂಟಿನ ಡಬ್ಬದ ಮುಚ್ಚಳವನ್ನು ಯಾರೂ ತೆಗೆದೇ ಇರಲಿಲ್ಲ. ಅಂಟು ಕಾಣದ ಅಟ್ಟೆಗಳು ಗೋಡೆಯುದ್ದಕ್ಕೂ ರಾಶಿ ಬಿದ್ದಿದ್ದವು.

ಇವತ್ತು ಆ ಕೆಲಸ ಇಲ್ಲ ಎಂದು ಮೇಲ್ವಿಚಾರಕ ಹಲ್ಲು ಕಿರಿದ. ಪರೀಕ್ಷೆಯ ದಿನವನ್ನು ಮೊದಲೇ ತಿಳಿಸಿ ಬರಬೇಕೆಂದು ನಿಯಮ ಮಾಡಿದ ಪುಣ್ಯಾತ್ಮನನ್ನು ಗಾಳಿಯಮ್ಮ ಮನಸಾರೆ ಬೈದುಕೊಂಡಳು. ಹೆಂಗಸರು ಬಿಲ್ಲೆ ಕಿತ್ತು ಮೊಳೆಗೆ ಹಾಕುತ್ತಾರೆಂದು ಇಷ್ಟು ದಿನ ಅನುಮಾನಪಟ್ಟ ತನ್ನ ಬುದ್ಧಿಗೂ ಒಂದಿಷ್ಟು ಬೈಗುಳ ಸಂದಿತು.

ಸಂಜೆ ಮನೆಯಲ್ಲಿ ಅಕ್ಕನ ಮೇಲೆ ಹರಿಹಾಯ್ದಳು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲ ನೀನು?"

"ಬಿಟ್ಟಿದ್ರೆ ನೀನು ವಿಭಾಗ ಮುಚ್ಚಿಸ್ತಿದ್ದೆ. ಆಮೇಲೆ ನಮ್ಮನ್ನ ಕೂರಿಸಿ ಯಾರು ಅನ್ನ ಹಾಕ್ತಾರೆ?" ಅಕ್ಕ ದಿಂಬಿನಿಂದ ತಲೆ ಎತ್ತಲಿಲ್ಲ. "ನೀನು ಬಂದು ಹೋದ ಮಾರನೇ ದಿನ ಎರಡು ದಿನದ ಅಂಟು ಒಟ್ಟಿಗೆ ಬಳೀಬೇಕು. ನೀನು ಬರದಿದ್ರೇನೇ ನಮಗೆ ಒಳ್ಳೇದು ಕಣೇ."

ಕಾಪಾಡಲೆಂದು ಹೋದಾಗಲೆಲ್ಲ ಗಾಳಿಯಮ್ಮ ತಾನೇ ಅಕ್ಕನಿಗೆ ಇಮ್ಮಡಿ ವಿಷ ಕುಡಿಸಿ ಬಂದಿದ್ದಳು. ಯಾರ ಮೇಲೆ ರೇಗಬೇಕೋ ತಿಳಿಯದೆ ಪಾತ್ರೆಗಳ ಮೇಲೆ ರೇಗಿ, ಅಡುಗೆಮನೆಯೆಲ್ಲ ದಡಬಡ ಮಾಡಿದಳು.

ಬೆಳಿಗ್ಗೆ ಅಕ್ಕ ಹೊರಡುವಾಗ ಹೊಸ ಬಿಲ್ಲೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಅಕ್ಕ ಕೈ ತಳ್ಳಿದಳು, ಬೈದಳು, ನಿನ್ನ ಸಹವಾಸವೇ ಬೇಡ ಎಂದಳು.

"ವಿಭಾಗ ಮುಚ್ಚಿಸಲ್ಲ. ಆವಿ ಹೊರಗೆ ಹಾಕೋ ದೊಡ್ಡ ಫ್ಯಾನು ಹಾಕಿಸ್ತೀನಿ. ಇವತ್ತೊಂದಿನ ನಿಜವಾದ ಲೆಕ್ಕ ಸಿಗ್ಲಿ ಅಕ್ಕ."

"ನಿನ್ನ ಕಾಟ ಯಾರಿಗೂ ಬೇಡ," ಎನ್ನುತ್ತಲೇ ಅಕ್ಕ ಕತ್ತು ಒಡ್ಡಿದಳು. ಗಾಳಿಯಮ್ಮ ಯಾರಿಗೂ ಕಾಣದಂತೆ ಬಿಲ್ಲೆಯನ್ನು ಕಾಲರಿನ ಅಂಚಿಗೆ ಸಿಕ್ಕಿಸಿದಳು. ತಡವಾಯಿತೆಂದು ಗೊಣಗುತ್ತ ಅಕ್ಕ ಗಡಿಬಿಡಿಯಲ್ಲಿ ಮೆಟ್ಟಿಲಿಳಿದು ಹೋದಳು.

ಗಾಳಿಯಮ್ಮ ಬಾಗಿಲು ಹಾಕಲು ಹೋದಾಗ ಕೆಳಗಿನ ಮೆಟ್ಟಿಲ ಮೇಲೆ ಅಕ್ಕನ ಎಡಗಾಲಿನ ಚಪ್ಪಲಿ ಕಂಡಿತು. ಅದನ್ನೆತ್ತಿಕೊಂಡು ಕೂಗಲು ಬಾಯಿ ತೆರೆದಳು. ಬೀದಿಯ ಕೊನೆಯಲ್ಲಿ ರಸ್ತೆ ಅಗೆದು ಚೂಪು ಜಲ್ಲಿ ಸುರಿದಿದ್ದರು. ಅಕ್ಕ ಒಮ್ಮೆಯೂ ಬರಿಗಾಲಿನ ಕಡೆ ನೋಡಿಕೊಳ್ಳದೆ ಅದರ ಮೇಲೆ ಬಿರಬಿರನೆ ನಡೆದುಹೋಗುತ್ತಿದ್ದಳು.