ಗುಲಾಬಿ ಹಾರಿದ ಮೇಲೆ

ಹೆಣ್ಣು ಬೇಡವಾದವರಿಗೂ ಅತ್ತರು ಬೇಕಾಗುತ್ತದೆ. ಎರಡು ವರ್ಷದ ಹಿಂದೆ ತನ್ನನ್ನು ಕುಡುಕಿಯೆಂದು ಕರೆದು, ಮಗನಿಗೆ ಗೊತ್ತುಮಾಡಿದ್ದ ಸಂಬಂಧ ಮುರಿದುಕೊಂಡು ಹೋಗಿದ್ದ ಲಕ್ಷ್ಮೇಶ್ವರದ ಹಸೀನಾಬಿ, ಅದೇ ಮಗ ತನ್ವೀರನ ಮದುವೆಗೆ ಅತ್ತರು ಕೊಳ್ಳಲು ಬೆಟಗೇರಿಯ ತಮ್ಮ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡು ಫರ್ಹಾನಾ ಹೀಗೆಂದುಕೊಂಡಳು. ಮದುಮಗನ ಕಿವಿಯಲ್ಲಿಡುವ ಅತ್ತರಿನ ಹತ್ತಿ ಇದೇ ಅಂಗಡಿಯದಾಗಬೇಕೆಂಬುದು ಅಜ್ಜನ ಕಾಲದಿಂದ ಸುತ್ತಲಿನ ಊರುಗಳಲ್ಲಿ ನಡೆದು ಬಂದ ರೂಢಿ. ರೂಢಿ ಮುರಿದರೆ ಜನ ಏನೆಂದಾರೋ ಎಂದು ಹಸೀನಾಬಿಗೆ ಹೆದರಿಕೆ. ಹುಡುಗಿಯ ಹೆಸರು ಕೆಡಿಸುವಾಗ ಆ ಹೆದರಿಕೆ ಇರಲಿಲ್ಲ.

ಆಗ ನಡೆದದ್ದು ಇಷ್ಟು. ಫರ್ಹಾನಾ ತನ್ನ ದಾದಿ, ಎಂದರೆ ಅಪ್ಪನ ತಾಯಿ, ದಾವಲಬಿಯ ಮಡಿಲಲ್ಲಿ ಕಥೆ ಕೇಳುತ್ತ ಬೆಳೆದವಳು. ಏಳು ಕಡಲಿನಾಚೆಯ ರಾಜಕುಮಾರಿ ಮೈಯ ಪರಿಮಳದಿಂದಲೇ ಜಿನ್ನನನ್ನು ನಿದ್ದೆಗೆ ಕೆಡವಿದ ಕಥೆ ಕೇಳಿದಂದಿನಿಂದ ಅಂಥದ್ದೊಂದು ಪರಿಮಳ ತಾನೂ ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ವೆನಿಲ್ಲಾ ಕಾಯಿ ಸೀಳಿ, ಕಪ್ಪು ಒಣದ್ರಾಕ್ಷಿ, ಲೋಬಾನ, ನಾಲ್ಕು ಲವಂಗದ ಜೊತೆ ಗಂಧದೆಣ್ಣೆಯಲ್ಲಿ ಮುಳುಗಿಸಿ, ಒಲೆಯ ಮಗ್ಗುಲಿನ ಬೆಚ್ಚನೆಯ ಗೂಡಿನಲ್ಲಿ ನಲವತ್ತು ದಿನ ಇಟ್ಟಳು. ಮುಚ್ಚಳ ತೆಗೆದರೆ ಕೆನೆಹಾಲಿನಂಥ ಸಿಹಿ, ಅದರಡಿಗೆ ಹಳೆಯ ಮದ್ಯದಂಥ ಗುಂಗು. ಹನಿ ಸರಾಯಿ ಸೋಕಿಲ್ಲ, ಆದರೂ ತಲೆ ಒಂದಿಷ್ಟು ವಾಲುತ್ತದೆ. ಚಳಿಯಲ್ಲಿ ಕೂತಾಗ ಹಿಂದಿನಿಂದ ಯಾರೋ ಬಂದು ಶಾಲು ಹೊದಿಸಿದಂತೆ.

ಸಂಬಂಧ ಗಟ್ಟಿಮಾಡುವ ದಿನ ಅವಳು ಅದನ್ನೇ ಹಚ್ಚಿಕೊಂಡಿದ್ದಳು. ಬಳೆ ತೊಡಿಸಲು ಬಾಗಿದ ಹಸೀನಾಬಿ ಮೂಗರಳಿಸಿ, ತುಂಬಿದ ಮನೆಯಲ್ಲಿ, "ಹುಡುಗಿ ಕುಡದಾಳ" ಎಂದುಬಿಟ್ಟಳು. ತನ್ವೀರ ಮೊಬೈಲಿನಿಂದ ತಲೆಯೆತ್ತಲಿಲ್ಲ. ಮಾರನೆಯ ವಾರ ದಾವಲಬಿ ಶೀಶೆ ಹಿಡಿದು ಲಕ್ಷ್ಮೇಶ್ವರಕ್ಕೆ ಹೋಗಿ, "ಸಂಬಂಧ ಬ್ಯಾಡವಾ, ಇದರಾಗ ಸರಾಯಿ ಇಲ್ಲಂತ ಒಂದ ಮಾತು ಮಂದಿ ಮುಂದ ಹೇಳು ಸಾಕು" ಎಂದು ಬೇಡಿಕೊಂಡರೆ, ಹಸೀನಾಬಿ ಹೊಸ್ತಿಲ ಒಳಗೂ ಕರೆಯಲಿಲ್ಲ. ಮಾತಿಗೆ ಬಸ್ಸು ಬೇಕೇ? ಶಿರಹಟ್ಟಿ, ಮುಂಡರಗಿ ಸುತ್ತಿ, ಹರ್ತಿಯ ಬೀಗರ ಮನೆಯ ತನಕ ಹೋಯಿತು. ಆಮೇಲೆ ಫರ್ಹಾನಾಳನ್ನು ನೋಡಲು ಯಾರೂ ಬರಲಿಲ್ಲ. ಬಾರದಿದ್ದರೆ ಕತ್ತೆಬಾಲ, ಆದರೆ ಅಂಗಡಿಗೆ ಬಂದವರು ಅವಳ ಬಾಯಿಯ ಕಡೆ ಮೂಗು ಚಾಚುತ್ತಿದ್ದರು. ಅದು ಅವಳಿಗೆ ಸಹಿಸಲಾಗದ್ದು.

ಹಾಗಾಗಿ ತನ್ವೀರನಿಗೆ ಶಿರಹಟ್ಟಿಯ ಸಮೀವುಲ್ಲಾನ ಮಗಳು ಅನೀಸ ಗೊತ್ತಾದಳೆಂಬ ಖಬರು ಬಂದ ದಿನವೇ ಅವಳು ಗೂಡಿಗೆ ಕೈಹಾಕಿದ್ದಳು. ಅದೇ ವೆನಿಲ್ಲಾದ ಎಣ್ಣೆ. ಮೇಲೆ ತೆಳುವಾದ ಗುಲಾಬಿ. ಗುಲಾಬಿ ಮೊದಲು ಮೂಗಿಗೆ ಬಂದು ಮೊದಲು ಹಾರಿಹೋಗುವಂಥದು. ಬಿಸಿಲಿದ್ದರೆ ಒಂದು ತಾಸೂ ನಿಲ್ಲದು.

ಹಸೀನಾಬಿ ಮುಚ್ಚಳ ಮೂಸಿ ಕಣ್ಣು ಮುಚ್ಚಿದಳು. "ಹಾಂ, ಇದು ಖರೇ ಖಾನದಾನಿ ವಾಸನಿ."

"ಕೈಗೆ ಹಚಗೊಂಡು ಒಂದ ತಾಸು ಕುಂಡ್ರಿ ಚಾಚಿ. ಅತ್ತರ ಮುಚ್ಚಳದಾಗ ಒಂದು ನಮೂನಿ, ಮೈಮ್ಯಾಲ ಒಂದು ನಮೂನಿ. ತಡದು ತಗೋರಿ."

"ನನ್ನ ಮೂಗಿಗೆ ಪಾಠ ಹೇಳಬ್ಯಾಡ. ಅದು ಎಂಥಾ ಮೂಗಂತ ನಿನಗ ಗೊತ್ತೈತಿ."

"ಗೊತ್ತೈತ್ರಿ," ಎಂದು ಫರ್ಹಾನಾ ಶೀಶೆಗಳನ್ನು ಕಟ್ಟಿದಳು.

ಆಕೆ ಇಳಿದು ಹೋದ ಮೇಲೆ ಮೂಲೆಯಿಂದ ದಾವಲಬಿಯ ದನಿ ಬಂತು. "ತಡದು ತಗೋರಿ ಅಂತ ಹೇಳೀದಿ. ಕೇಳೂದಿಲ್ಲಂತ ಗೊತ್ತಿದ್ದ ಹೇಳೀದಿ."

"ಹೌದು ದಾದಿ."

ಮುದುಕಿ ಎಲೆ ಜಗಿದಳು. "ಎಷ್ಟು ಶೀಶೆ ಒಯ್ದಳು?"

"ಏಳು."

"ಬರಾತಿನ ಮಂದಿಗೆಲ್ಲಾ ಸಾಕಾಗತೈತಿ ಬಿಡು."

ಹೆಣ್ಣಿನ ಕಡೆಯವರಿಗೆ ಅತ್ತರು ಹಚ್ಚಲು ಅಂಗಡಿಯವರ ಮನೆಯ ಹೆಂಗಸೊಬ್ಬಳು ಹೋಗುವುದೂ ರೂಢಿಯೇ. ಮದುವೆಯ ದಿನ ಫರ್ಹಾನಾ ಮಲ್ಲಿಗೆ ಮೊಗ್ಗಿನ ಅತ್ತರು ಹಿಡಿದು ಶಿರಹಟ್ಟಿಯ ಮನೆಯಲ್ಲಿ ಹೆಂಗಸರ ಪರದೆಯ ಹಿಂದೆ, ಮದುಮಗಳ ಪಕ್ಕದಲ್ಲೇ ಕೂತಿದ್ದಳು. ಮೇ ತಿಂಗಳ ಬಿಸಿಲು. ಗಂಡಿನ ಕಡೆಯ ಬರಾತು ಮೂರು ಟೆಂಪೋಗಳಲ್ಲಿ ಒತ್ತೊತ್ತಾಗಿ ಕೂತು ಬೆವರುತ್ತ ಬಂತು. ಹಸೀನಾಬಿ ಹೊರಡುವಾಗ ಗಂಡಸರನ್ನೆಲ್ಲ ನಿಲ್ಲಿಸಿ ಒಬ್ಬೊಬ್ಬರ ಕೊರಳಿಗೆ ಧಾರಾಳವಾಗಿ ಹಚ್ಚಿದ್ದಳು. ಮಗನಿಗಂತೂ ಎರಡೂ ಕಿವಿಗೆ ಹತ್ತಿ.

ಖಾಜಿ ಸಾಹೇಬರು ಮದುಮಗನ ಒಪ್ಪಿಗೆಯ ಮಾತು 'ಕುಬೂಲ್' ಕೇಳಿಸಿಕೊಳ್ಳಲು ಬಾಗಿದವರು ಅಲ್ಲೇ ತಡೆದರು. ಮತ್ತೊಮ್ಮೆ ಮೂಸಿದರು. ಆಚೆ ಕೂತ ಸಾಕ್ಷಿಯ ಕಡೆ ತಿರುಗಿದರೆ ಅಲ್ಲೂ ಅದೇ.

"ಏನಪಾ, ಕುಡದ ಬಂದೀಯೇನು?"

ಸಮೀವುಲ್ಲಾ ಎದ್ದು ನಿಂತ. "ಇವನೊಬ್ಬನ ಅಲ್ಲ ಸಾಹೇಬ್ರ, ಇಡೀ ಬರಾತ ನಾರತೈತಿ. ಕುಡುಕರ ಮನಿಗೆ ನಾ ಮಗಳನ್ನ ಕೊಡೂದಿಲ್ಲ."

ಪರದೆಯ ಈಚೆ ಹಸೀನಾಬಿ ಧಡಕ್ಕನೆ ಎದ್ದಳು. ತನ್ನದೇ ಮಣಿಕಟ್ಟನ್ನು ಮೂಗಿಗೆ ಹಿಡಿದುಕೊಂಡಳು. ಗುಲಾಬಿ ಎಂದೋ ಹಾರಿತ್ತು. ಅವಳಿಗೆ ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾಯಿತೆಂದು ಫರ್ಹಾನಾ ಮುಖ ನೋಡಿಯೇ ತಿಳಿದಳು. ಒಳಗೆಲ್ಲೋ ತಂಪಾಯಿತು.

"ಅದು ಅತ್ತರರೀ, ಈ ಫರ್ಹಾನಾನ ಅಂಗಡೀದು," ಎಂದು ಹಸೀನಾಬಿ ಪರದೆಯ ಆಚೆಗೆ ಕೂಗಿ ಹೇಳಿ, ಫರ್ಹಾನಾಳ ಭುಜ ಹಿಡಿದಳು. "ಅದರಾಗ ಸರಾಯಿ ಇಲ್ಲಂತ ಹೇಳ, ಜಲ್ದಿ ಹೇಳ."

"ನಾ ಹ್ಯಾಂಗ ಹೇಳಲಿ ಚಾಚಿ? ನಾ ಕುಡಿಯಾಕಿ ಅಲ್ಲೇನು. ಕುಡಿಯೋರ ಸಾಕ್ಷಿ ನಡಿಯೂದಿಲ್ಲ."

ಆಚೆಯಿಂದ ಸಮೀವುಲ್ಲಾನ ದನಿ. "ಹೌದಲ್ಲ, ನೀವ ಹೇಳಿದ್ರಿ ಆ ಹುಡುಗಿ ಕುಡೀತಾಳಂತ. ಕುಡಿಯೋಳ ಕೈಯಾನ ಅತ್ತರ ಮಗನಿಗೆ ಹಚ್ಚೀರೇನು? ಒಂದು ಹೇಳ್ರಿ. ಅದು ಸರಾಯಿನೋ, ಎಣ್ಣಿನೋ?"

ಸರಾಯಿ ಎಂದರೆ ಮಗ ಕೆಡುತ್ತಾನೆ. ಎಣ್ಣೆ ಎಂದರೆ ತಾನು ಸುಳ್ಳಿ. ಹೆಂಗಸರೆಲ್ಲ ಹಸೀನಾಬಿಯ ಬಾಯಿಯನ್ನೇ ನೋಡುತ್ತಿದ್ದರು.

"ಎಣ್ಣಿರಿ," ಎಂದಳು.

"ಗಂಡಸರಿಗೆ ಕೇಳಸಲಿಲ್ಲ," ಎಂದಳು ಫರ್ಹಾನಾ ಮೆಲ್ಲಗೆ. "ಆವತ್ತೂ ಎಣ್ಣಿನ ಇತ್ತು ಅನ್ರಿ. ನನ್ನ ಹೆಸರು ಹಿಡದು ಅನ್ರಿ."

ಬೆವರು ಹಸೀನಾಬಿಯ ಗಲ್ಲದಿಂದ ಇಳಿಯಿತು. ಕಡೆಗೆ ಪರದೆಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದಳು. "ಬರೇ ಎಣ್ಣಿರಿ. ಆವತ್ತೂ ಎಣ್ಣಿನ ಇತ್ತು. ರಹಮಾನಸಾಬನ ಮಗಳು ಫರ್ಹಾನಾ ಕುಡದಿದ್ದಿಲ್ಲ. ನಾ ಸುಳ್ಳ ಹೇಳಿದ್ದೆ."

ನಾಲ್ಕೂರಿನ ಬೀಗರು ಅಲ್ಲಿ ಕೂತಿದ್ದರು. ಮಾತಿಗೆ ಈ ಸಲವೂ ಬಸ್ಸು ಬೇಕಿರಲಿಲ್ಲ.

ಖಾಜಿ ಸಾಹೇಬರು ತನ್ವೀರನ ಕಿವಿಯ ಹತ್ತಿ ತೆಗೆಸಿ, ಬೆರಳ ನಡುವೆ ಉಜ್ಜಿ ನೋಡಿ, ಎಣ್ಣೆಯೇ ಎಂದು ತಲೆಯಾಡಿಸಿ ನಿಕಾಹ್ ಮುಂದುವರಿಸಿದರು. ಹಸೀನಾಬಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಇಷ್ಟರ ಮೇಲಾದರೂ ಮರುಗಬೇಕೆಂದು ದಾದಿಯ ಕಥೆಗಳು ಹೇಳುತ್ತವೆ; ಫರ್ಹಾನಾ ತನ್ನೊಳಗೆ ಹುಡುಕಿದಳು, ಮರುಕ ಸಿಗಲಿಲ್ಲ.

ಘೂಂಘಟದ ಮುಸುಕಿನೊಳಗಿಂದ ಮೆಹಂದಿಯ ಕೈಯೊಂದು ಅವಳ ಸೆರಗು ಜಗ್ಗಿತು. ಅನೀಸ ಪಿಸುಗುಟ್ಟಿದಳು. "ಅಕ್ಕಾ, ಪರದೇದ ಆಚೆಯಿಂದ ಬರಾಕ ಹತ್ತೈತಲ್ಲ, ಆ ವಾಸನಿ ಭಾಳ ಛಲೋ ಐತಿ. ನನಗೊಂದು ಶೀಶೆ ಕೊಡ್ತೀಯೇನು?"

ಫರ್ಹಾನಾ ಚೀಲ ತೆರೆದು ಗುಲಾಬಿ ಬೆರೆಸದ ಶೀಶೆ ತೆಗೆದು ಮದುಮಗಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದಳು.

"ಲಕ್ಷ್ಮೇಶ್ವರದಾಗ ದಿನಾ ಹಚಗೊ," ಎಂದಳು. "ನಿಮ್ಮ ಅತ್ತೀಗೆ ಚಾ ಕೊಡಾಕ ಹೋಗೂ ಮುಂದ ಇನ್ನೊಂದ ಹನಿ ಜಾಸ್ತಿ. ತೀರಿದ್ರ ಹೇಳಿ ಕಳಸು, ಮತ್ತ ಕಳಸ್ತೀನಿ."